ಕಹಿ, ಒಗರು, ಖಾರ: ಒಸಡಿನ ರೋಗಕ್ಕೆ ಗಿಡದ ಮದ್ದು ಎಲ್ಲಿಯವರೆಗೆ ಇಳಿಯುತ್ತದೆ?

ಹಿಂಗಾರಿ ಜೋಳ ತೆನೆ ಹಿಡಿದ ಕಾಲ. ರೋಣದ ಹೊರಗೆ ಗಜೇಂದ್ರಗಡದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ರಸ್ತೆ ಬದಿಯ ಬೇವಿನ ಗಿಡದಿಂದ ಎಂಬತ್ತರ ಆಸುಪಾಸಿನ ಅಜ್ಜ ಒಬ್ಬರು ಕಡ್ಡಿ ಮುರಿದರು. ಎಲೆ ಸವರಿದರು, ತೊಗಟೆ ತುಸು ಕೆತ್ತಿದರು, ತುದಿಯನ್ನು ಹಲ್ಲಿನ ನಡುವೆ ಇಟ್ಟು ಜಜ್ಜಿ ಕುಂಚ ಮಾಡಿಕೊಂಡರು. ಆಮೇಲೆ ಹತ್ತು ನಿಮಿಷ ಅವರಿಗೆ ಯಾರ ಹಂಗೂ ಇರಲಿಲ್ಲ. ನಾನು ನೋಡುತ್ತಿರುವುದು ಕಣ್ಣಿಗೆ ಬಿದ್ದಾಗ ಉಗುಳಿ, "ಏನ್ ನೋಡಾಕತ್ತಿ ತಮ್ಮಾ? ನಿಮ್ಮ ಪೇಸ್ಟಿನ್ಯಾಗ ಇಷ್ಟು ಕಹಿ ಎಲ್ಲೈತಿ?" ಎಂದರು.

"ಅಜ್ಜಾರ, ಹಲ್ಲು ಎಷ್ಟು ಉಳದಾವ್ರಿ?"

ಬಾಯಿ ತೆರೆದೇ ತೋರಿಸಿದರು. ಮುಂದಿನ ಹಲ್ಲುಗಳು ಗಟ್ಟಿಯಾಗಿದ್ದವು, ಮೇಲ್ಮೈ ಹೊಳೆಯುತ್ತಿತ್ತು. ಆದರೆ ಒಸಡು ಜಾರಿ ಬೇರಿನ ಹಳದಿ ಭಾಗ ಕಾಣುತ್ತಿತ್ತು. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ, ನಾಲಿಗೆಯ ಕಡೆ, ಗಾರೆ ಮೆತ್ತಿದಂತೆ ಕಿಟ್ಟ ಕಟ್ಟಿತ್ತು. ಎರಡೂ ಕಡೆ ದವಡೆ ಹಲ್ಲುಗಳ ಜಾಗ ಖಾಲಿ. "ಹಿಂದಿನವು ತಾವ ಅಳ್ಳಾಡಿ ಬಿದ್ವು. ಕಡ್ಡಿ ಮಾತ್ರ ಒಂದಿನಾನೂ ಬಿಟ್ಟಿಲ್ಲ ನೋಡ್."

ಗಿಡಮೂಲಿಕೆಯ ಸಾರ ಒಸಡಿನ ರೋಗವನ್ನು ತಡೆಯುತ್ತದೆಯೇ ಎಂಬ ಹಳೆಯ ವಾದ ಪೂರ್ತಿಯಾಗಿ ಆ ಬಾಯಲ್ಲೇ ಇತ್ತು. ಮುಂದಿನವು ಉಳಿದದ್ದು ಬೇವಿನಿಂದಲೇ? ಹಿಂದಿನವು ಬಿದ್ದದ್ದು ಬೇವು ಸೋತದ್ದರಿಂದಲೇ, ಅಥವಾ ಕಡ್ಡಿ ಅಲ್ಲಿಗೆ ಮುಟ್ಟದ್ದರಿಂದಲೇ? ಅಥವಾ ಎರಡಕ್ಕೂ ಬೇವಿಗೂ ಸಂಬಂಧವೇ ಇಲ್ಲವೇ? ಈ ಪ್ರಶ್ನೆಗಳಿಗೆ ವೈದ್ಯರು, ಸೂಕ್ಷ್ಮಾಣು ವಿಜ್ಞಾನಿಗಳು, ಆಯುರ್ವೇದದವರು ಕೊಟ್ಟಿರುವ ಉತ್ತರಗಳು ಒಂದಕ್ಕೊಂದು ಹೊಂದುವುದಿಲ್ಲ.

ಮೊದಲು ರೋಗದ ಮಾತು

ಹಲ್ಲುಜ್ಜಿದಾಗ ಒಸಡಿನಲ್ಲಿ ರಕ್ತ ಬಂದರೆ ಅದು ಮೊದಲ ಹಂತ, ಒಸಡಿನ ಉರಿಯೂತ. ಇದು ಮರಳಿ ಸರಿಹೋಗುತ್ತದೆ. ಅದನ್ನು ಹಾಗೇ ಬಿಟ್ಟರೆ ಕೆಲವರಲ್ಲಿ ಉರಿಯೂತ ಆಳಕ್ಕೆ ಇಳಿದು, ಹಲ್ಲನ್ನು ಹಿಡಿದಿರುವ ಎಲುಬನ್ನೇ ಕರಗಿಸುತ್ತದೆ. ದಂತವೈದ್ಯರು ಇದನ್ನು ಪೆರಿಯೊಡಾಂಟೈಟಿಸ್ ಎನ್ನುತ್ತಾರೆ, ನಮ್ಮ ಕಡೆ ಮಂದಿ ಪಯೋರಿಯಾ ಎನ್ನುತ್ತಾರೆ. ಆರೋಗ್ಯದ ಒಸಡು ಮತ್ತು ಹಲ್ಲಿನ ನಡುವೆ ಒಂದರಿಂದ ಮೂರು ಮಿಲಿಮೀಟರ್ ಆಳದ ಸಂದು ಇರುತ್ತದೆ. ರೋಗ ಬೆಳೆದಂತೆ ಅದು ಐದು, ಏಳು ಮಿಲಿಮೀಟರಿನ ಕಿಸೆಯಾಗುತ್ತದೆ. ಹೋದ ಎಲುಬು ತಾನಾಗಿ ಮರಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು ನೂರು ಕೋಟಿ ಜನರಿಗೆ ಇದು ತೀವ್ರ ರೂಪದಲ್ಲಿದೆ.

ಗದಗ ಜಿಲ್ಲೆಯಲ್ಲಿ ಇನ್ನೊಂದು ಗೊಂದಲವಿದೆ. ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಚಿಕ್ಕಂದಿನಿಂದ ಅದನ್ನು ಕುಡಿದವರ ಹಲ್ಲಿಗೆ ಕಂದು ಪಟ್ಟೆ ಬೀಳುತ್ತದೆ. ಅದು ದಂತಕವಚ ರೂಪುಗೊಳ್ಳುವಾಗಲೇ ಕೂತ ಕಲೆ. ಒಸಡಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಕಲೆ ಕಂಡವರು ಅದನ್ನೇ ರೋಗವೆಂದು ತಿಳಿದು ಇದ್ದಲಿ, ಕುಳ್ಳಿನ ಬೂದಿ, ಹಳ್ಳುಪ್ಪು ಹಾಕಿ ತಿಕ್ಕುತ್ತಾರೆ. ಕಲೆ ಹೋಗುವುದಿಲ್ಲ, ಒಸಡು ಮಾತ್ರ ಸವೆಯುತ್ತದೆ.

ನಾಲಿಗೆಯೇ ಮೊದಲ ಪ್ರಯೋಗಾಲಯ

ಸುಶ್ರುತ ಸಂಹಿತೆ ಹಲ್ಲಿನ ಬೇರಿನ, ಅಂದರೆ ಒಸಡಿನ ರೋಗಗಳನ್ನೇ ಹದಿನೈದು ಎಂದು ಎಣಿಸುತ್ತದೆ. ಅವುಗಳಲ್ಲಿ 'ಶೀತಾದ' ಎಂಬುದು ಕಾರಣವಿಲ್ಲದೆ ರಕ್ತ ಒಸರುವ, ಮೆತ್ತಗಾದ, ವಾಸನೆ ಹೊಡೆಯುವ ಒಸಡು. 'ದಂತವೇಷ್ಟ'ದಲ್ಲಿ ಕೀವು, ರಕ್ತ, ಅಲುಗಾಡುವ ಹಲ್ಲು. ಇಂದಿನ ಎರಡು ಹಂತಗಳಿಗೆ ಇವು ಎಷ್ಟು ಹತ್ತಿರ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಹಲ್ಲುಕಡ್ಡಿಗೂ ಅದೇ ಗ್ರಂಥದಲ್ಲಿ ಅಳತೆಯಿದೆ. ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನ ದಪ್ಪ, ಗಂಟಿಲ್ಲದ ಹಸಿ ಕಡ್ಡಿ. ಕಹಿಯಲ್ಲಿ ಬೇವು, ಒಗರಿನಲ್ಲಿ ಕಾಚಿನ ಮರ, ಸಿಹಿಯಲ್ಲಿ ಇಪ್ಪೆ, ಖಾರದಲ್ಲಿ ಹೊಂಗೆ ಉತ್ತಮವಂತೆ.

ಗಿಡಗಳನ್ನು ರುಚಿಯಿಂದ ವಿಂಗಡಿಸಿದ್ದು ಈಗಿನವರಿಗೆ ಬಾಲಿಶವಾಗಿ ಕಾಣಬಹುದು. ನನಗೆ ಹಾಗನ್ನಿಸಿಲ್ಲ. ಒಗರು ಎಂದರೆ ಬಹುತೇಕ ಟ್ಯಾನಿನ್. ಬೇವಿನ ಕಹಿ ಲಿಮೊನಾಯ್ಡ್ ಎಂಬ ರಾಸಾಯನಿಕ ಬಳಗದ್ದು. ಬಾಯಿ ಚುರುಗುಟ್ಟಿಸುವ ಮದ್ದುಗಳನ್ನು ನೋಡಿದರೆ ಲವಂಗದಲ್ಲಿ ಯೂಜಿನಾಲ್, ಅಜವಾನದಲ್ಲಿ ಥೈಮಾಲ್, ಅರಬರ ಮಿಸ್ವಾಕ್ ಕಡ್ಡಿಯಲ್ಲಿ ಸಾಸಿವೆಯ ಘಾಟಿನ ಜಾತಿಗೆ ಸೇರಿದ ಐಸೋಥಯೋಸಯನೇಟ್. ಸೂಕ್ಷ್ಮದರ್ಶಕವಿಲ್ಲದ ಕಾಲದಲ್ಲಿ ನಾಲಿಗೆ ಮಾಡಿದ ವಿಂಗಡಣೆ ಇಂದಿನ ರಾಸಾಯನಿಕ ವಿಂಗಡಣೆಯಿಂದ ತೀರಾ ದೂರ ಸರಿದಿಲ್ಲ.

ಇನ್ನೊಂದು ಸಂಗತಿಯನ್ನು ಗಿಡಮೂಲಿಕೆಯ ಪರ ಮಾತಾಡುವವರೂ ಮರೆಯುತ್ತಾರೆ. ಶೀತಾದಕ್ಕೆ ಸುಶ್ರುತ ಹೇಳಿದ ಮೊದಲ ಚಿಕಿತ್ಸೆ ಕಷಾಯವಲ್ಲ. ಮೊದಲು ಕೆಟ್ಟ ರಕ್ತ ತೆಗೆಯಬೇಕು, ಕಷಾಯದಲ್ಲಿ ಬಾಯಿ ತುಂಬಿಸಿ ಹಿಡಿಯುವುದು ಆಮೇಲೆ. ಕೈಕೆಲಸ ಮುಂದೆ, ಮದ್ದು ಹಿಂದೆ. ಇಂದಿನ ದಂತವೈದ್ಯರು ಮೊದಲು ಕಿಟ್ಟ ಕೆತ್ತಿ ಆಮೇಲೆ ಬಾಯಿ ಮುಕ್ಕಳಿಸುವ ದ್ರವ ಬರೆದುಕೊಡುವ ಕ್ರಮವೂ ಇದೇ.

ಶಾಸ್ತ್ರದ ಹೊರಗೆ ಹಳ್ಳಿಯ ಗಾವಟಿ ಔಷಧದ ಪರಂಪರೆ ಬೇರೆಯೇ ಇದೆ. 2004ರಲ್ಲಿ ಪಕ್ಕದ ಧಾರವಾಡ ಜಿಲ್ಲೆಯ ನಾಟಿ ವೈದ್ಯರನ್ನು ಮಾತಾಡಿಸಿ ಪ್ರಕಟಿಸಿದ ಒಂದು ಅಧ್ಯಯನ ಹಲ್ಲು, ಒಸಡು, ಬಾಯಿಹುಣ್ಣಿಗೆ ಬಳಸುವ 35 ಸಸ್ಯಗಳನ್ನು ದಾಖಲಿಸಿತು. ಅವು ಸೇರಿದ್ದು 26 ಕುಟುಂಬಗಳಿಗೆ. 1997ರವರೆಗೆ ರೋಣ, ನರಗುಂದ, ಗಜೇಂದ್ರಗಡ ಎಲ್ಲವೂ ಅದೇ ಧಾರವಾಡ ಜಿಲ್ಲೆಯಲ್ಲಿದ್ದವು. ಎರೆ ಹೊಲದ ಬದುವಿನ ಕರಿಜಾಲಿ, ಬೇಲಿಯ ಉತ್ತರಾಣಿ, ಎಕ್ಕೆ, ಹಿತ್ತಲಿನ ಪೇರಲ, ತುಳಸಿ ಈ ಮೂರೂ ಊರುಗಳ ಕಡೆ ಕಣ್ಣೆದುರಿನ ಗಿಡಗಳೇ.

ಪೇಟೆಗೆ ಬಂದ ಗಿಡದ ಮದ್ದಿನ ಚರಿತ್ರೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರು ನಂಜನಗೂಡಿನ ಹಲ್ಲುಪುಡಿ. 1913ರಲ್ಲಿ ಬಿ.ವಿ. ಪಂಡಿತರು ಕಟ್ಟಿದ ಸದ್ವೈದ್ಯಶಾಲೆಯಿಂದ ಹೊರಟ ಆ ಪೊಟ್ಟಣ ಬೆರಳಿನಿಂದ ತಿಕ್ಕುವ ಎರಡು ಮೂರು ತಲೆಮಾರುಗಳನ್ನು ಸಾಕಿತು. ದೇಶದ ಬೇರೆ ಬೇರೆ ಕಡೆ ಹಲ್ಲುಪುಡಿಗೆ ತಂಬಾಕು ಬೆರೆಸುವ ರೂಢಿಯೂ ಇತ್ತು. 1992ರಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. ಆದರೆ ತಂಬಾಕನ್ನು ಹುರಿದು ಪುಡಿಮಾಡಿದ ಮಿಶ್ರಿ ನಮ್ಮ ಭಾಗದಲ್ಲಿ ಇನ್ನೂ ಮನೆಮನೆಯ ಡಬ್ಬಿಯಲ್ಲಿದೆ. ಅದೂ ಗಿಡದ್ದೇ. ಅದರ ಕಪಟ ಏನೆಂದರೆ, ತಂಬಾಕು ಒಸಡಿನ ರಕ್ತನಾಳಗಳನ್ನು ಬಿಗಿಸುತ್ತದೆ. ರಕ್ತ ಬರುವುದು ನಿಲ್ಲುತ್ತದೆ. "ಮಿಶ್ರಿ ಹಚ್ಚಿದ್ಮ್ಯಾಲೆ ರಕ್ತ ನಿಂತೈತಿ" ಎಂದು ನಂಬಿದ ಹೆಣ್ಣುಮಕ್ಕಳ ಬಾಯಲ್ಲಿ ಎಲುಬು ಒಳಗೊಳಗೇ ಕರಗುತ್ತಿರುತ್ತದೆ.

ಕೊಂದರೆ ಮುಗಿಯಿತು ಎನ್ನುವವರು

1965ರಲ್ಲಿ ಡೆನ್ಮಾರ್ಕಿನಲ್ಲಿ ಹ್ಯಾರಲ್ಡ್ ಲೋ ಎಂಬ ದಂತವಿಜ್ಞಾನಿ ಹನ್ನೆರಡು ಜನ ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನು ಬಿಡಿಸಿದ. ಹತ್ತರಿಂದ ಇಪ್ಪತ್ತೊಂದು ದಿನಗಳೊಳಗೆ ಎಲ್ಲರ ಒಸಡೂ ಉರಿಯಿತು. ಮತ್ತೆ ಉಜ್ಜಲು ಹೇಳಿದ, ಸುಮಾರು ಒಂದು ವಾರದಲ್ಲಿ ಎಲ್ಲ ಸರಿಯಾಯಿತು. ಹಲ್ಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾವೇ ಉರಿಯೂತಕ್ಕೆ ಕಾರಣ ಎನ್ನುವುದು ಅಲ್ಲಿಗೆ ಖಚಿತವಾಯಿತು. 1970ರಲ್ಲಿ ಆತನೇ ಸಹೋದ್ಯೋಗಿಯೊಬ್ಬನ ಜೊತೆ ಸೇರಿ, ಕ್ಲೋರ್‌ಹೆಕ್ಸಿಡಿನ್ ದ್ರವದಿಂದ ದಿನಕ್ಕೆ ಎರಡು ಸಲ ಬಾಯಿ ಮುಕ್ಕಳಿಸಿದರೆ ಉಜ್ಜದೇ ಇದ್ದರೂ ಪಾಚಿ ಕಟ್ಟುವುದಿಲ್ಲ ಎಂದು ತೋರಿಸಿದ. ಅಂದಿನಿಂದ ಬಾಯಿಯ ಎಲ್ಲ ಮದ್ದುಗಳಿಗೂ ಕ್ಲೋರ್‌ಹೆಕ್ಸಿಡಿನ್ನೇ ಅಳತೆಗೋಲು. ಅದು ಹಲ್ಲಿಗೆ ಕಂದು ಬಣ್ಣ ಬಳಿಯುತ್ತದೆ, ನಾಲಿಗೆಯ ರುಚಿ ಕೆಡಿಸುತ್ತದೆ. ಹಾಗಾಗಿ ಇಷ್ಟೇ ಕೊಲ್ಲುವ, ಇಷ್ಟು ಕೆಡಿಸದ ಗಿಡವೊಂದು ಸಿಗಬಹುದೇ ಎಂಬ ಹುಡುಕಾಟ ಶುರುವಾಯಿತು.

ಇದಕ್ಕೆ ಹಳೆಯ ಪುರಾವೆಯೂ ಇತ್ತು. 1879ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲಿಸ್ಟರಿನ್ ದ್ರವದಲ್ಲಿರುವುದು ಥೈಮಾಲ್, ನೀಲಗಿರಿಯ ಸಾರ, ಪುದೀನದ ಮೆಂಥಾಲ್ ಮುಂತಾದವು. ಥೈಮಾಲ್ ನಮ್ಮ ಅಡುಗೆಮನೆಯ ಅಜವಾನದಲ್ಲೂ ಧಾರಾಳವಾಗಿದೆ.

ಈ ಪಂಥದ ಕೆಲಸದ ರೀತಿ ಸರಳ. ಎಲೆಯನ್ನು ಒಣಗಿಸಿ, ಪುಡಿ ಮಾಡಿ, ನೀರಿನಲ್ಲೋ ಆಲ್ಕೋಹಾಲಿನಲ್ಲೋ ನೆನೆಸಿ ಸಾರ ತೆಗೆಯುವುದು. ಬ್ಯಾಕ್ಟೀರಿಯಾ ಹರಡಿದ ಗಾಜಿನ ತಟ್ಟೆಯಲ್ಲಿ ಸಣ್ಣ ಗುಣಿ ಕೊರೆದು ಸಾರ ತುಂಬುವುದು. ಗುಣಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬಳೆ ಎಷ್ಟು ಅಗಲ ಎಂದು ಅಳತೆಪಟ್ಟಿ ಇಟ್ಟು ನೋಡುವುದು. ಬೇವು, ಜಾಲಿ, ದಾಳಿಂಬೆ ಸಿಪ್ಪೆ, ಪೇರಲ ಎಲೆ, ಅಳಲೆಕಾಯಿ, ಲವಂಗ, ಎಲ್ಲಕ್ಕೂ ಬಳೆ ಬಂದಿದೆ.

ಹತ್ತಿರದಿಂದ ನೋಡಿದರೆ ತೊಡಕು ಕಾಣುತ್ತದೆ. ಒಸಡಿನ ರೋಗದಲ್ಲಿ ಮುಖ್ಯ ಆರೋಪಿ ಪಾರ್ಫಿರೊಮೊನಾಸ್ ಜಿಂಜಿವಾಲಿಸ್ ಎಂಬ ಬ್ಯಾಕ್ಟೀರಿಯಾ. ಅದು ಗಾಳಿ ತಾಗಿದರೆ ಬದುಕುವುದಿಲ್ಲ. ಆಮ್ಲಜನಕವಿಲ್ಲದ ಜಾಡಿ ಬೇಕು, ರಕ್ತ ಬೆರೆಸಿದ ಮಾಧ್ಯಮ ಬೇಕು, ವಿಟಮಿನ್ ಕೆ ಬೇಕು. ಸುಮಾರು ಒಂದು ವಾರ ಕಾದರೆ ಸಾಸಿವೆಕಾಳಿನಂಥ ಕಪ್ಪು ಚುಕ್ಕೆಗಳು ಏಳುತ್ತವೆ. ಇಷ್ಟು ಉಪದ್ರವ ಬೇಡವೆಂದು ಎಷ್ಟೋ ಲೇಖನಗಳಲ್ಲಿ ಸುಲಭವಾಗಿ ಬೆಳೆಯುವ, ಹಲ್ಲು ಹುಳುಕಿಗೆ ಕಾರಣವಾಗುವ ಸ್ಟ್ರೆಪ್ಟೊಕಾಕಸ್ ಮ್ಯೂಟನ್ಸ್ ಮೇಲೆ ಪರೀಕ್ಷೆ ಮಾಡಿ, ಕೊನೆಯ ಪುಟದಲ್ಲಿ 'ಒಸಡಿನ ರೋಗಕ್ಕೂ ಉಪಯುಕ್ತ' ಎಂದು ಬರೆದುಬಿಡುತ್ತಾರೆ. ಅದು ಕಡಲೆಯ ಕೀಡೆಗೆ ಹೊಡೆದು ಹತ್ತಿಯ ಕೀಡೆ ಸತ್ತಿತು ಎಂದ ಹಾಗೆ.

ಎರಡನೆಯ ತೊಡಕು ಇನ್ನೂ ದೊಡ್ಡದು. ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಬಿಡಿಬಿಡಿಯಾಗಿರುತ್ತದೆ. ಬಾಯಲ್ಲಿ ಅದು ಅಂಟುಗೂಡಿನೊಳಗೆ ಪದರ ಪದರವಾಗಿ ಕೂತಿರುತ್ತದೆ. ಬಿಡಿಯಾಗಿದ್ದಾಗ ಸಾಯಿಸುವ ಪ್ರಮಾಣದ ಹತ್ತು ಪಟ್ಟು, ಕೆಲವೊಮ್ಮೆ ನೂರಾರು ಪಟ್ಟು ಕೊಟ್ಟರೂ ಗೂಡಿನೊಳಗೆ ಅದು ಬದುಕಿ ಉಳಿಯಬಲ್ಲದು. ಮೂರನೆಯದು, ಕಿಸೆಯೊಳಗೆ ದೇಹದ ದ್ರವ ಸದಾ ಒಸರುತ್ತಿರುತ್ತದೆ. ಐದು ಮಿಲಿಮೀಟರ್ ಆಳದ ಕಿಸೆಯಲ್ಲಿ ಈ ದ್ರವ ಗಂಟೆಗೆ ಸುಮಾರು ನಲವತ್ತು ಸಲ ಬದಲಾಗುತ್ತದೆಂದು ಲೆಕ್ಕ ಹಾಕಿದ್ದಾರೆ. ಒಳಗೆ ಹೋದ ಮದ್ದು ನಿಮಿಷಗಳಲ್ಲಿ ತೊಳೆದುಹೋಗುತ್ತದೆ. ಮುಕ್ಕಳಿಸಿದ ಕಷಾಯವಂತೂ ಕಿಸೆಯ ತಳ ಕಾಣುವುದೇ ಇಲ್ಲ.

ನಾಲ್ಕನೆಯದನ್ನು ಒಗರಿನಿಂದಲೇ ವಿವರಿಸಬಹುದು. ಎಳೆ ಜಾಲಿಕಾಯಿ ಕಚ್ಚಿದಾಗ ಬಾಯಿ ಬಿಗಿದಂತಾಗುತ್ತದಲ್ಲ, ಅದು ಟ್ಯಾನಿನ್ ನಮ್ಮ ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುವ ಅನುಭವ. ಅಂದರೆ ಬ್ಯಾಕ್ಟೀರಿಯಾವನ್ನು ಮುಟ್ಟುವ ಮೊದಲೇ ಟ್ಯಾನಿನ್ನಿನ ಒಂದು ಪಾಲು ಜೊಲ್ಲಿನಲ್ಲೇ ಖರ್ಚಾಯಿತು. ಗಾಜಿನ ತಟ್ಟೆಯಲ್ಲಿ ಜೊಲ್ಲು ಇರುವುದಿಲ್ಲ.

ಕೊಲ್ಲದೆ ಕಾಲು ಕಟ್ಟುವವರು

ಪಾಚಿ ಎಷ್ಟು ಎನ್ನುವುದೇ ಮುಖ್ಯ ಎಂದು ಮೊದಲಿನವರು ನಂಬಿದ್ದರು. 1976ರಲ್ಲಿ ವಾಲ್ಟರ್ ಲೋಶ್ ಎಂಬಾತ ಎಷ್ಟು ಎನ್ನುವುದಕ್ಕಿಂತ ಯಾವುದು ಎನ್ನುವುದು ಮುಖ್ಯ ಎಂದ. 1994ರಲ್ಲಿ ಫಿಲಿಪ್ ಮಾರ್ಷ್ ಇನ್ನೂ ಮುಂದೆ ಹೋಗಿ, ಬಾಯಿಯನ್ನು ಹೊಲದಂತೆ ನೋಡಬೇಕು ಎಂದು ವಾದಿಸಿದ. ಕಳೆ ಎಲ್ಲ ಹೊಲದಲ್ಲೂ ಇರುತ್ತದೆ, ನೆಲ ಕೆಟ್ಟಾಗ ಅದು ಬೆಳೆಯನ್ನು ಮೀರುತ್ತದೆ. ಹೊಲದ ಹೋಲಿಕೆ ನನ್ನದು, ತಾತ್ಪರ್ಯ ಅವನದು. 2012ರ ಹೊತ್ತಿಗೆ ಜಿಂಜಿವಾಲಿಸ್ ಬಗ್ಗೆ ಹೊಸ ತಿಳಿವಳಿಕೆ ಬಂತು. ಅದು ಸಂಖ್ಯೆಯಲ್ಲಿ ತೀರಾ ಕಡಿಮೆ ಇದ್ದೂ ಉಳಿದ ಬ್ಯಾಕ್ಟೀರಿಯಾಗಳ ಸಮತೋಲವನ್ನು ಕೆಡಿಸಬಲ್ಲ ಊರ ಪುಂಡನಂಥದ್ದು.

ಹಾಗಾದರೆ ಎಲ್ಲರನ್ನೂ ಕೊಲ್ಲುವ ಮದ್ದು ಯಾಕೆ? ಬಾಯಲ್ಲಿ ಏಳುನೂರರಷ್ಟು ಬಗೆಯ ಬ್ಯಾಕ್ಟೀರಿಯಾ ಗುರುತಾಗಿವೆ, ಬಹುಪಾಲು ನಿರುಪದ್ರವಿಗಳು. ಕೆಲವು ಉಪಕಾರಿಗಳೂ ಹೌದು. ಸೊಪ್ಪಿನಲ್ಲಿರುವ ನೈಟ್ರೇಟನ್ನು ಮಾರ್ಪಡಿಸಿ ರಕ್ತನಾಳ ಸಡಿಲಾಗಲು ನೆರವಾಗುವವು ನಾಲಿಗೆಯ ಮೇಲಿವೆ. 2013ರಲ್ಲಿ ಇಂಗ್ಲೆಂಡಿನಲ್ಲಿ 19 ಆರೋಗ್ಯವಂತರಿಗೆ ಒಂದು ವಾರ ಕ್ಲೋರ್‌ಹೆಕ್ಸಿಡಿನ್ ಮುಕ್ಕಳಿಸಲು ಕೊಟ್ಟಾಗ ಅವರ ರಕ್ತದೊತ್ತಡ ಎರಡು ಮೂರು ಅಂಕಿ ಮೇಲೇರಿತು.

ಈ ಪಂಥದವರು ಗಿಡದಲ್ಲಿ ಹುಡುಕುವುದು ವಿಷವನ್ನಲ್ಲ, ಅಡ್ಡಗಾಲನ್ನು. ಜಿಂಜಿವಾಲಿಸ್ ನಮ್ಮ ಅಂಗಾಂಶವನ್ನು ಕತ್ತರಿಸಲು ಜಿಂಜಿಪೇನ್ ಎಂಬ ಕಿಣ್ವ ಬಳಸುತ್ತದೆ. ಹಸಿರು ಚಹಾದ ಕ್ಯಾಟಿಚಿನ್‌ಗಳು ಆ ಕತ್ತರಿಯ ಬಾಯಿ ಕಟ್ಟುತ್ತವೆಂದು ಜಪಾನಿನ ಪ್ರಯೋಗಗಳು ತೋರಿಸಿವೆ. ದಾಳಿಂಬೆ ಸಿಪ್ಪೆಯ ಟ್ಯಾನಿನ್ ಬ್ಯಾಕ್ಟೀರಿಯಾ ಹಲ್ಲಿಗೆ ಅಂಟುವುದನ್ನೇ ಕಡಿಮೆ ಮಾಡಬಹುದು. ಒಗರು ಜೊಲ್ಲಿನಲ್ಲಿ ಖರ್ಚಾಗುವುದು ಹಿಂದಿನ ಪಂಥಕ್ಕೆ ಸೋಲಾದರೆ, ಇವರಿಗೆ ಅದೇ ಅನುಕೂಲ. ಹಲ್ಲಿನ ಮೇಲಿನ ಜೊಲ್ಲಿನ ಪೊರೆಯನ್ನು ಟ್ಯಾನಿನ್ ಹಿಡಿದರೆ ಬ್ಯಾಕ್ಟೀರಿಯಾಕ್ಕೆ ಕಾಲೂರುವ ಜಾಗ ಬದಲಾಗುತ್ತದೆ. ನನ್ನ ಮಟ್ಟಿಗೆ ಈ ಇಡೀ ಚರ್ಚೆಯಲ್ಲಿ ಹೆಚ್ಚು ಭರವಸೆ ಹುಟ್ಟಿಸುವ ಮಾತು ಇದೇ. ಆದರೆ ಇದರ ಪುರಾವೆಯೂ ಬಹುಪಾಲು ಗಾಜಿನೊಳಗೇ ಇದೆ.

ಉರಿ ತಣಿಸುವವರು

ಶ್ರೀಲಂಕಾದ ಚಹಾ ತೋಟಗಳಲ್ಲಿ ಲೋ ಮತ್ತು ಸಂಗಡಿಗರು 1970ರಿಂದ ಹದಿನೈದು ವರ್ಷ 480 ತಮಿಳು ಕಾರ್ಮಿಕರ ಬಾಯಿಯನ್ನು ಪದೇ ಪದೇ ಪರೀಕ್ಷಿಸಿದರು. ಅವರಿಗೆ ಹಲ್ಲುಜ್ಜುವ ರೂಢಿ ಇರಲಿಲ್ಲ, ದಂತವೈದ್ಯರ ಮುಖ ಕಂಡಿರಲಿಲ್ಲ. ಎಲ್ಲರ ಬಾಯಲ್ಲೂ ಪಾಚಿ, ಕಿಟ್ಟ, ಉರಿಯೂತ. ಆದರೂ 8 ಶೇಕಡಾ ಜನರಲ್ಲಿ ರೋಗ ವೇಗವಾಗಿ ಏರಿತು, 81 ಶೇಕಡಾ ಜನರಲ್ಲಿ ನಿಧಾನವಾಗಿ ಸಾಗಿತು, 11 ಶೇಕಡಾ ಜನರಲ್ಲಿ ಒಸಡಿನ ಉರಿಯೂತವನ್ನು ದಾಟಿ ಮುಂದೆ ಹೋಗಲೇ ಇಲ್ಲ.

ಈ ಲೆಕ್ಕ ನಮ್ಮ ಊರಿನ ಎಷ್ಟೋ ಮಾತುಗಳ ಕಾಲೆಳೆಯುತ್ತದೆ. "ನಮ್ಮ ಮುತ್ಯಾ ಬೇವಿನ ಕಡ್ಡೀನ ಹಚ್ಚಿದ್ದ, ತೊಂಬತ್ತಕ್ಕೂ ಕಬ್ಬು ಸಿಗೀತಿದ್ದ" ಎನ್ನುವವರ ಮುತ್ಯಾ ಆ ಹನ್ನೊಂದರ ಪೈಕಿ ಇದ್ದಿರಬಹುದು. ಏನೂ ಹಚ್ಚದಿದ್ದರೂ ಅವರ ಹಲ್ಲು ಉಳಿಯುತ್ತಿತ್ತು.

ಬ್ಯಾಕ್ಟೀರಿಯಾ ಒಂದೇ ಇದ್ದರೂ ಫಲ ಬೇರೆ ಬೇರೆ ಎಂದಮೇಲೆ ಎಲುಬು ಕರಗಿಸುವುದು ನಮ್ಮ ದೇಹದ ಪ್ರತಿಕ್ರಿಯೆಯೇ ಎನ್ನುತ್ತದೆ ಮೂರನೆಯ ಪಂಥ. ಇದಕ್ಕೆ ಬಲವಾದ ಸಾಕ್ಷಿ ಗಿಡದಿಂದ ಬಂದದ್ದಲ್ಲ. ಡಾಕ್ಸಿಸೈಕ್ಲಿನ್ ಎಂಬ ಪ್ರತಿಜೀವಕವನ್ನು ಬ್ಯಾಕ್ಟೀರಿಯಾ ಸಾಯದಷ್ಟು ಕಡಿಮೆ, 20 ಮಿಲಿಗ್ರಾಂ, ಕೊಟ್ಟರೂ ರೋಗಕ್ಕೆ ತಡೆ ಬೀಳುತ್ತದೆ. ನಮ್ಮದೇ ಅಂಗಾಂಶ ಕರಗಿಸುವ ಕಿಣ್ವವನ್ನು ಅದು ತಡೆಯುತ್ತದೆ. 1998ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಸಕ್ಕರೆ ಕಾಯಿಲೆಯವರಲ್ಲಿ ಒಸಡು ಬೇಗ ಕೆಡುವುದಕ್ಕೂ ಈ ದೃಷ್ಟಿ ವಿವರಣೆ ಕೊಡುತ್ತದೆ.

ಇಲ್ಲಿ ಗಿಡದ ಪರ ನಿಂತದ್ದು ಅರಿಶಿನ. ಕರ್ಕ್ಯುಮಿನ್ ಉರಿಯೂತದ ಹಲವು ಸಂಕೇತಗಳನ್ನು ತಗ್ಗಿಸುತ್ತದೆ ಎನ್ನುವ ಲೇಖನಗಳ ರಾಶಿಯೇ ಇದೆ. ಆದರೆ 2017ರಲ್ಲಿ ಔಷಧ ರಸಾಯನದ ತಜ್ಞರ ಒಂದು ವಿಮರ್ಶೆ ತಣ್ಣೀರು ಎರಚಿತು. ಕರ್ಕ್ಯುಮಿನ್ ಅಸ್ಥಿರ, ನೀರಿನಲ್ಲಿ ಕರಗದು, ರಕ್ತಕ್ಕೆ ಸೇರದು, ಜೊತೆಗೆ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಪರಿಣಾಮವಿಲ್ಲದ ಕಡೆಯೂ ಇದ್ದಂತೆ ತೋರಿಸಿ ಮೋಸ ಮಾಡುವ ಜಾತಿಯದು ಎಂದರು. ಒಸಡಿಗೆ ನೇರ ಹಚ್ಚುವವರು ರಕ್ತಕ್ಕೆ ಸೇರದಿದ್ದರೇನಂತೆ ಎನ್ನುತ್ತಾರೆ. ಅದೂ ನ್ಯಾಯವೇ. ಕೊನೆಯ ಆಕ್ಷೇಪಕ್ಕೆ ಮಾತ್ರ ಅವರಲ್ಲಿ ಉತ್ತರವಿಲ್ಲ.

ಕಡ್ಡಿಯೋ, ರಸವೋ

ಇನ್ನೊಂದು ಗುಂಪು ಇವರೆಲ್ಲರನ್ನೂ ನೋಡಿ ನಗುತ್ತದೆ. ಬೇವಿನ ಕಡ್ಡಿಯ ಗುಣ ಬೇವಿನದಲ್ಲ, ಕಡ್ಡಿಯದು ಎನ್ನುತ್ತದೆ. ಪಾಚಿಯನ್ನು ಕೆರೆದು ತೆಗೆಯುವುದೇ ಕೆಲಸ, ಯಾವ ಮರದ ನಾರಾದರೂ ಆದೀತು. ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಹಲ್ಲುಕಡ್ಡಿ ರೂಢಿಯಿರುವ ಕಡೆ ಅದನ್ನು ಪ್ರೋತ್ಸಾಹಿಸಿ ಎಂದದ್ದರಲ್ಲಿ ಈ ಕೆರೆಯುವ ಗುಣದ ಪಾಲು ದೊಡ್ಡದು.

ರೋಣದ ಅಜ್ಜನ ಬಾಯಿ ಈ ಗುಂಪಿನ ಪರ ಸಾಕ್ಷಿ ನುಡಿಯುತ್ತದೆ. ಅವರು ಕಡ್ಡಿಯನ್ನು ಹಿಡಿದದ್ದು ನೆಟ್ಟಗೆ, ಹಲ್ಲಿಗೆ ಎದುರಾಗಿ. ಟೂತ್‌ಬ್ರಷ್ಷಿನ ನಾರು ಹಿಡಿಕೆಗೆ ಅಡ್ಡವಾಗಿರುತ್ತದೆ, ಕಡ್ಡಿಯ ನಾರು ಅದರ ತುದಿಯಲ್ಲೇ ನೆಟ್ಟಗೆ ಇರುತ್ತದೆ. ಹಾಗಾಗಿ ಅದು ಮುಂದಿನ ಹಲ್ಲಿನ ಹೊರಮೈಯನ್ನು ಚೆನ್ನಾಗಿ ಉಜ್ಜುತ್ತದೆ. ದವಡೆಯ ಹಿಂದೆ, ನಾಲಿಗೆಯ ಕಡೆಗೆ ತಿರುಗುವುದಿಲ್ಲ. ಕೆಳಗಿನ ಮುಂದಿನ ಹಲ್ಲುಗಳ ಹಿಂಬದಿಯಲ್ಲಿ ಜೊಲ್ಲಿನ ಗ್ರಂಥಿ ಬಾಯಿ ತೆರೆಯುವುದರಿಂದ ಅಲ್ಲಿ ಪಾಚಿ ಬೇಗ ಕಲ್ಲಾಗುತ್ತದೆ. ಅವರ ಬಾಯಲ್ಲಿ ಕಿಟ್ಟ ಕಟ್ಟಿದ್ದು ಅಲ್ಲೇ, ಖಾಲಿಯಾದದ್ದು ಹಿಂದೆಯೇ. ಗಟ್ಟಿಯಾದ ನಾರನ್ನು ಅಡ್ಡಡ್ಡ ತಿಕ್ಕಿದ್ದಕ್ಕೆ ಮುಂದಿನ ಒಸಡು ಜಾರಿದೆ. ಕಹಿ ರಸ ಮಾತ್ರ ಬಾಯಿ ತುಂಬ ಹರಿದಿತ್ತು, ಹಿಂದಿನ ಹಲ್ಲಿಗೂ ತಾಗಿತ್ತು. ಉಳಿಸಲಿಲ್ಲ. ಒಂದು ಬಾಯಿಯಿಂದ ತೀರ್ಪು ಕೊಡುವುದು ತಪ್ಪು, ಆದರೆ ಅಲ್ಲಿ ಕಂಡದ್ದು ಹೀಗೆ.

ಬಾಯೊಳಗೇ ನಡೆದ ಪರೀಕ್ಷೆಗಳು

ಗಾಜಿನ ತಟ್ಟೆ ದಾಟಿ ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ಎರಡು ಮಣಿಪಾಲದಿಂದಲೇ ಬಂದಿವೆ. 2004ರಲ್ಲಿ ಪ್ರಕಟವಾದ ಆರು ವಾರಗಳ ಅಧ್ಯಯನದಲ್ಲಿ 36 ಯುವಕರಿಗೆ ಬೇವಿನ ಎಲೆಯ ಸಾರದ ಜೆಲ್ ಮತ್ತು ಕ್ಲೋರ್‌ಹೆಕ್ಸಿಡಿನ್ ಹೋಲಿಸಿ ನೋಡಿದರು. ಪಾಚಿ ಮತ್ತು ಬ್ಯಾಕ್ಟೀರಿಯಾ ಎಣಿಕೆ ಎರಡರಲ್ಲೂ ಬೇವು ಮುಂದಿತ್ತು. 2011ರದು ಬಹಳ ದೊಡ್ಡದು. 8ರಿಂದ 12 ವರ್ಷದ 1431 ಶಾಲಾ ಮಕ್ಕಳು, ಒಂಬತ್ತು ತಿಂಗಳು. ಒಂದು ಗುಂಪಿಗೆ 0.6 ಶೇಕಡಾ ತ್ರಿಫಲ, ಇನ್ನೊಂದಕ್ಕೆ 0.1 ಶೇಕಡಾ ಕ್ಲೋರ್‌ಹೆಕ್ಸಿಡಿನ್. ಪಾಚಿ ಮತ್ತು ಉರಿಯೂತ ತಗ್ಗಿಸುವುದರಲ್ಲಿ ಎರಡೂ ಹೆಚ್ಚುಕಮ್ಮಿ ಸಮಸಮ. ಅಳಲೆ, ತಾರೆ, ನೆಲ್ಲಿ ಸೇರಿದ ತ್ರಿಫಲ ರೋಣ, ಗಜೇಂದ್ರಗಡದ ಆಯುರ್ವೇದ ಮಹಾವಿದ್ಯಾಲಯಗಳ ಔಷಧಾಲಯದಲ್ಲೂ, ಸಂತೆಯ ಗಂಟಿನಲ್ಲೂ ಸಿಗುವ ಅಗ್ಗದ ಪುಡಿ ಎನ್ನುವುದರಿಂದ ಈ ಫಲಿತಾಂಶಕ್ಕೆ ತೂಕವಿದೆ.

ಆದರೆ ಎರಡರಲ್ಲೂ ಅಳೆದದ್ದು ಮೊದಲ ಹಂತ. ಪಾಚಿ ಮತ್ತು ಒಸಡಿನ ಕೆಂಪು. ಎಲುಬು ಕರಗಿದವರ ಐದು ಮಿಲಿಮೀಟರ್ ಕಿಸೆಯ ಕಥೆ ಬೇರೆ. ಅಲ್ಲಿ ಮೊದಲು ಕಿಟ್ಟ ಕೆತ್ತಲೇಬೇಕು. ಆಮೇಲೆ ಲೋಳೆಸರ, ಅರಿಶಿನ, ಹಸಿರು ಚಹಾದ ಜೆಲ್ಲನ್ನು ಕಿಸೆಯೊಳಗೆ ಇಟ್ಟವರಿದ್ದಾರೆ. ತುಸು ಲಾಭ ಕಂಡಿದ್ದಾರೆ. ಕೆತ್ತಿದ್ದರಿಂದಲೇ ಬಂದ ಲಾಭ ಎಷ್ಟು, ಮೇಲಿಟ್ಟ ಗಿಡದಿಂದ ಎಷ್ಟು ಎಂದು ಬೇರ್ಪಡಿಸುವಾಗ ಗಿಡದ ಪಾಲು ಕಿರಿದಾಗುತ್ತದೆ. ಭಾಗವಹಿಸಿದವರು ಮೂವತ್ತು, ನಲವತ್ತು ಜನ, ನೋಡಿದ್ದು ಮೂರೋ ಆರೋ ತಿಂಗಳು. ನಮ್ಮ ಕಡೆಯವರಿಗೆ ಕೆತ್ತಿಸುವುದೇ ಕಷ್ಟ. "ಮಶೀನ್ ಹಚ್ಚಿದ್ರ ಹಲ್ಲ ಸಡಲ ಆಗ್ತಾವ" ಎಂಬ ಮಾತು ನರಗುಂದದಿಂದ ಗಜೇಂದ್ರಗಡದವರೆಗೂ ಕೇಳುತ್ತದೆ. ಕಿಟ್ಟವೇ ಹಲ್ಲನ್ನು ಹಿಡಿದಿದ್ದಾಗ ಅದನ್ನು ತೆಗೆದರೆ ಅಲುಗಾಟ ಕಾಣುವುದು ನಿಜ. ತಪ್ಪು ಮಶೀನಿನದಲ್ಲ, ಅಷ್ಟರೊಳಗೆ ಎಲುಬು ಮೊದಲೇ ಹೋಗಿತ್ತು.

ಗಿಡದ್ದು ಎಂದಮಾತ್ರಕ್ಕೆ

ಅಮೆರಿಕದ ಬ್ಲಡ್‌ರೂಟ್ ಎಂಬ ಗಿಡದ ಬೇರಿನ ಸಾಂಗ್ವಿನೇರಿನ್ ಅಲ್ಲಿ ಟೂತ್‌ಪೇಸ್ಟ್, ಮುಕ್ಕಳಿಸುವ ದ್ರವಗಳಲ್ಲಿ ಪ್ರಸಿದ್ಧವಾಗಿತ್ತು. ಪಾಚಿ ತಗ್ಗಿಸುತ್ತಿತ್ತು. 1999ರ ಹೊತ್ತಿಗೆ ಅದನ್ನು ಬಳಸಿದವರ ಬಾಯಲ್ಲಿ ಕ್ಯಾನ್ಸರಿಗೆ ಮುನ್ಸೂಚನೆಯಾಗಬಲ್ಲ ಬಿಳಿ ಮಚ್ಚೆ ಕಾಣತೊಡಗಿತು, ತಯಾರಕರು ಅದನ್ನು ಕೈಬಿಟ್ಟರು. ಬೇವಿನ ಕಡ್ಡಿ ಜಗಿಯುವುದು ಬೇರೆ, ಬೇವಿನ ಎಣ್ಣೆ ಬೇರೆ. 1981ರಲ್ಲಿ ಮಲೇಶಿಯಾದಲ್ಲಿ ಬೇವಿನ ಎಣ್ಣೆ ಕುಡಿಸಿದ ಕೂಸುಗಳಿಗೆ ವಿಷವೇರಿದ ವರದಿ ಬಂತು. ಲವಂಗದ ಎಣ್ಣೆಯನ್ನು ನೇರ ಒಸಡಿಗೆ ಹಚ್ಚಿ ಸುಟ್ಟುಕೊಂಡವರಲ್ಲಿ ನಾನೂ ಒಬ್ಬ. ಎರಡು ದಿನ ಬರೀ ಮಜ್ಜಿಗೆ ಅನ್ನ.

ನಮ್ಮ ಕಡೆಯ ಅಪಾಯ ಜಾಲಿಯಲ್ಲಿದೆ. ಹಳೆಯವರು ಹೇಳುವ ಜಾಲಿ ಕರಿಜಾಲಿ. ಹಳ್ಳದ ದಂಡೆಯಲ್ಲಿ, ಬೀಳು ಹೊಲದಲ್ಲಿ ಇಂದು ಹಬ್ಬಿರುವುದು ಹೊರದೇಶದಿಂದ ಬಂದ ಬಳ್ಳಾರಿ ಜಾಲಿ. ಅದರಲ್ಲಿರುವ ಆಲ್ಕಲಾಯ್ಡ್‌ಗಳು ಬ್ಯಾಕ್ಟೀರಿಯಾವನ್ನು ಜೋರಾಗಿಯೇ ಕೊಲ್ಲುತ್ತವೆ, ತಟ್ಟೆಯಲ್ಲಿ ಒಳ್ಳೆಯ ಬಳೆ ಬರುತ್ತದೆ. ಅವೇ ಆಲ್ಕಲಾಯ್ಡ್‌ಗಳು ಅದರ ಕಾಯಿ ಮಿತಿಮೀರಿ ತಿಂದ ದನಗಳ ದವಡೆಯ ನರಗಳನ್ನು ಕೆಡಿಸಿ ಮೇವು ಜಗಿಯಲಾಗದಂತೆ ಮಾಡುತ್ತವೆ. ಕಡ್ಡಿ ಮುರಿಯುವ ಹುಡುಗರಿಗೆ ಎರಡು ಜಾಲಿಗಳ ವ್ಯತ್ಯಾಸ ತಿಳಿಯುವುದು ಈಗ ಅಪರೂಪ.

ತೀರದೆ ಉಳಿದದ್ದು

ಮೊದಲನೆಯದು, ಬ್ಯಾಕ್ಟೀರಿಯಾ ಕೊಲ್ಲುವುದೇ ಗುರಿಯೋ ಅಲ್ಲವೋ ಎಂಬುದೇ ತೀರ್ಮಾನವಾಗಿಲ್ಲ. ಅದು ತೀರ್ಮಾನವಾಗದೆ ಯಾವ ಗಿಡ ಒಳ್ಳೆಯದು ಎನ್ನುವ ಪ್ರಶ್ನೆಗೆ ಅಳತೆಗೋಲೇ ಸಿಗುವುದಿಲ್ಲ. ಗಾಜಿನ ತಟ್ಟೆಯ ಬಳೆಯನ್ನು ಅಳತೆಯಾಗಿಟ್ಟರೆ ಬಳ್ಳಾರಿ ಜಾಲಿ ಗೆಲ್ಲಲೂಬಹುದು. ಅಂಟದಂತೆ ತಡೆಯುವುದನ್ನು ಅಳತೆ ಮಾಡಿದರೆ ದಾಳಿಂಬೆ ಸಿಪ್ಪೆಯೂ ಅಳಲೆಕಾಯಿಯೂ ಮುಂದೆ ಬರಬಹುದು.

ಎರಡನೆಯದು ಪ್ರಮಾಣದ್ದು. ಕಪ್ಪತಗುಡ್ಡದ ಅಳಲೆಯೂ ಪೇಟೆಯ ಗೋದಾಮಿನ ಅಳಲೆಯೂ ಒಂದೇ ಅಲ್ಲ. ಮಳೆಗಾಲದ ಬೇವಿನ ಎಲೆಯೂ ಯುಗಾದಿಯ ಚಿಗುರೂ ಒಂದೇ ಅಲ್ಲ. ನೀರಿನಲ್ಲಿ ಕುದಿಸಿದ ಕಷಾಯಕ್ಕೂ ಆಲ್ಕೋಹಾಲಿನ ಸಾರಕ್ಕೂ ರಾಸಾಯನಿಕವಾಗಿ ನೆಂಟಸ್ತನ ಕಡಿಮೆ. ಹಳ್ಳಿಯವರು ಬಳಸುವುದು ಒಂದು, ಪ್ರಯೋಗಾಲಯದವರು ಅಳೆಯುವುದು ಇನ್ನೊಂದು. ಇಡೀ ಗಿಡ ಕೆಲಸ ಮಾಡುತ್ತದೆ, ಬಿಡಿ ರಾಸಾಯನಿಕವಲ್ಲ ಎನ್ನುವ ಆಯುರ್ವೇದದವರ ವಾದವನ್ನು ಸಾಬೀತು ಮಾಡುವ ಅಥವಾ ತಳ್ಳಿಹಾಕುವ ಪರೀಕ್ಷೆಯ ವಿನ್ಯಾಸದ ಮೇಲೆ ಎರಡೂ ಕಡೆಯವರಿಗೆ ಒಮ್ಮತವಿಲ್ಲ.

ಮೂರನೆಯದು, ಕಡ್ಡಿಯನ್ನೂ ರಸವನ್ನೂ ಬೇರ್ಪಡಿಸುವುದು. ಕಹಿಯಿಲ್ಲದ ಕಡ್ಡಿಯನ್ನು ಬೇವಿನ ಕಡ್ಡಿಯೆಂದು ಯಾರ ಬಾಯಿಗೂ ನಂಬಿಸಲಾಗುವುದಿಲ್ಲ. ಹುಸಿಮದ್ದು ಕೊಟ್ಟು ಹೋಲಿಸುವ ವಿಧಾನ ಇಲ್ಲಿ ನಾಲಿಗೆಯೆದುರು ಸೋಲುತ್ತದೆ.

ಉಳಿದದ್ದು ಹಣದ ಪ್ರಶ್ನೆ. ಎಲುಬು ಕರಗುವುದು ನಿಂತಿತೇ ಎಂದು ತಿಳಿಯಲು ಎಕ್ಸ್‌ರೇ ಹಿಡಿದು ವರ್ಷಗಟ್ಟಲೆ ನೂರಾರು ಜನರನ್ನು ಹಿಂಬಾಲಿಸಬೇಕು. ಬೇವಿನ ಎಣ್ಣೆಯಿಂದ ಗಿಡಗಳ ಶಿಲೀಂಧ್ರ ತಡೆಯುವ ವಿಧಾನಕ್ಕೆ ಯುರೋಪಿನಲ್ಲಿ ಸಿಕ್ಕಿದ್ದ ಪೇಟೆಂಟನ್ನು ಭಾರತದವರು ಪ್ರಶ್ನಿಸಿ 2000ದಲ್ಲಿ ರದ್ದು ಮಾಡಿಸಿದರು, 2005ರಲ್ಲಿ ಅದು ಅಂತಿಮವಾಯಿತು. ಗೆಲುವು ನಮ್ಮದೇ. ಆದರೆ ಯಾರ ಸ್ವತ್ತೂ ಅಲ್ಲದ ಗಿಡದ ಮೇಲೆ ಐದು ವರ್ಷದ ಪರೀಕ್ಷೆಗೆ ಯಾವ ಕಂಪನಿ ದುಡ್ಡು ಹಾಕೀತು? ಹಾಕಬೇಕಾದದ್ದು ಸರ್ಕಾರ, ವಿಶ್ವವಿದ್ಯಾಲಯ. ಧಾರವಾಡ, ಬಾಗಲಕೋಟೆಗಳ ದಂತ ಮಹಾವಿದ್ಯಾಲಯಗಳಲ್ಲಿ ಕಿಸೆ ಅಳೆಯುವ ಸಲಾಕೆಯಿದೆ, ರೋಣ, ಗಜೇಂದ್ರಗಡದ ಆಯುರ್ವೇದ ಮಹಾವಿದ್ಯಾಲಯಗಳಲ್ಲಿ ಅಳಲೆಕಾಯಿಯ ಪುಡಿಯಿದೆ. ನಡುವೆ ಇರುವುದು ಎರಡು ಮೂರು ತಾಸಿನ ಬಸ್ಸಿನ ದಾರಿ.